ಹದ, ಹರಟೆ ಮತ್ತು ನಂಬಿಕೆ: ಎಂಜಿನಿಯರುಗಳ ಅವ್ಯಕ್ತ ಜ್ಞಾನದ ಸಾಮಾಜಿಕ ನೆಲೆ

ಮಣ್ಣಿಗೆ, ಪಾಕಕ್ಕೆ, ಕಾಯಿಸಿದ ಕಬ್ಬಿಣಕ್ಕೆ ಸಮಾನವಾಗಿ ಅನ್ವಯಿಸುವ 'ಹದ' ಎಂಬ ಕನ್ನಡ ಪದವು ಅಳತೆಗೆ ಸಿಗದ, ಆದರೆ ಬಲ್ಲವರಿಗೆ ಸ್ಪಷ್ಟವಾಗಿ ಗೋಚರಿಸುವ ತಿಳಿವಳಿಕೆಯೊಂದನ್ನು ಸೂಚಿಸುತ್ತದೆ. ಹದವನ್ನು ಬರೆದು ಕಲಿಸಲಾಗದು. ಬಲ್ಲವರ ಜೊತೆಗಿದ್ದೇ ಕಲಿಯಬೇಕು. ಇಂತಹ ಅವ್ಯಕ್ತ ಜ್ಞಾನವನ್ನು ಹಂಗೇರಿ ಮೂಲದ ವಿಜ್ಞಾನಿ ಮತ್ತು ಚಿಂತಕ ಮೈಕೆಲ್ ಪೊಲಾನಿ 1966ರ 'ದಿ ಟ್ಯಾಸಿಟ್ ಡೈಮೆನ್ಷನ್' ಕೃತಿಯಲ್ಲಿ ತಾತ್ವಿಕವಾಗಿ ಚರ್ಚಿಸಿದರು. ಸಾಮಾನ್ಯವಾಗಿ ಇದನ್ನು ಕುಶಲಕರ್ಮಿಗಳ ಲೋಕಕ್ಕೆ ಸೀಮಿತಗೊಳಿಸಿ ನೋಡಲಾಗುತ್ತದೆ. ಆದರೆ ನಕ್ಷೆ, ಸೂತ್ರ, ಕೈಪಿಡಿಗಳ ಮೇಲೆ ನಿಂತಿದೆಯೆಂದು ಭಾವಿಸಲಾದ ಎಂಜಿನಿಯರಿಂಗ್ ವೃತ್ತಿಯೂ ಇದಕ್ಕೆ ಹೊರತಲ್ಲ.

ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಹ್ಯಾರಿ ಕಾಲಿನ್ಸ್ 1974ರಲ್ಲಿ ಪ್ರಕಟಿಸಿದ ಅಧ್ಯಯನವು ಇದಕ್ಕೆ ಪ್ರಬಲ ಸಾಕ್ಷ್ಯ ಒದಗಿಸುತ್ತದೆ. ಕೆನಡಾದಲ್ಲಿ ರೂಪುಗೊಂಡ ಹೊಸ ಬಗೆಯ ಲೇಸರ್ ಒಂದನ್ನು ಬ್ರಿಟನ್ನಿನ ಪ್ರಯೋಗಾಲಯಗಳು ನಿರ್ಮಿಸಲು ಯತ್ನಿಸಿದವು. ವಿವರಗಳು ಅಚ್ಚಾಗಿದ್ದರೂ ಲೇಖನಗಳನ್ನಷ್ಟೇ ನೆಚ್ಚಿಕೊಂಡ ಯಾರೂ ಯಶಸ್ಸು ಪಡೆಯಲಿಲ್ಲ. ಈಗಾಗಲೇ ಯಶಸ್ವಿಯಾದವರೊಡನೆ ಒಡನಾಟವಿದ್ದವರಿಗೆ ಮಾತ್ರ ಅದು ಸಾಧ್ಯವಾಯಿತು. ಕೆಪಾಸಿಟರಿನಿಂದ ಹೊರಡುವ ತಂತಿ ಗಿಡ್ಡವಾಗಿರಬೇಕೆಂಬಂತಹ ಅಂಶವು ನಿರ್ಣಾಯಕವೆಂಬ ಅರಿವು ಅನೇಕ ವೇಳೆ ಕಟ್ಟಿದವರಿಗೇ ಇರಲಿಲ್ಲ. ತನಗೆ ತಿಳಿದಿದೆಯೆಂಬುದೇ ತಿಳಿಯದ ಸಂಗತಿಯನ್ನು ಲೇಖನದಲ್ಲಿ ದಾಖಲಿಸುವುದಾದರೂ ಹೇಗೆ?

ಒಡನಾಟದಲ್ಲಿ ಜ್ಞಾನವು ಯಾವ ರೂಪದಲ್ಲಿ ಚಲಿಸುತ್ತದೆ ಎಂಬುದಕ್ಕೆ ಮಾನವಶಾಸ್ತ್ರಜ್ಞ ಜೂಲಿಯನ್ ಆರ್ ಅವರ 'ಟಾಕಿಂಗ್ ಅಬೌಟ್ ಮೆಷಿನ್ಸ್' (1996) ಉತ್ತರಿಸುತ್ತದೆ. ಜೆರಾಕ್ಸ್ ಕಂಪನಿಯ ನಕಲು ಯಂತ್ರಗಳನ್ನು ದುರಸ್ತಿ ಮಾಡುವ, ಕರ್ನಾಟಕದಲ್ಲಾದರೆ 'ಸರ್ವೀಸ್ ಎಂಜಿನಿಯರ್' ಎನಿಸಿಕೊಳ್ಳುವ, ಅಮೆರಿಕದ ತಂತ್ರಜ್ಞರ ಅಧ್ಯಯನವಿದು. ಹಂತ ಹಂತವಾಗಿ ಏನು ಮಾಡಬೇಕೆಂದು ವಿಧಿಸುವ ಕೈಪಿಡಿಗಳು ಅವರ ಬಳಿಯಿದ್ದವು. ಕೈಪಿಡಿ ಊಹಿಸದ ದೋಷ ಎದುರಾದಾಗ ಅವರಿಗೆ ನೆರವಾಗುತ್ತಿದ್ದುದು ತಿಂಡಿ-ಊಟದ ವೇಳೆಯಲ್ಲಿ ಪರಸ್ಪರ ಹೇಳಿಕೊಳ್ಳುತ್ತಿದ್ದ ಕಥೆಗಳು. ಯಾವ ಯಂತ್ರ ಹೇಗೆ ಕೆಟ್ಟಿತು, ಯಾವ ಸೂಚನೆ ದಾರಿ ತಪ್ಪಿಸಿತು, ಗ್ರಾಹಕರು ಹೇಗೆ ಬಳಸುತ್ತಿದ್ದರು ಎಂಬ ವಿವರಗಳು ಕಥನದಲ್ಲಿ ಒಂದಕ್ಕೊಂದು ಬೆಸೆದುಕೊಳ್ಳುತ್ತಿದ್ದವು. ಹೊರಗಿನವರಿಗೆ ಹರಟೆಯಾಗಿ ಕಾಣುವುದು ವಾಸ್ತವದಲ್ಲಿ ಕೆಲಸದ ಭಾಗವೇ ಆಗಿತ್ತು.

ಈ ಹಂಚಿಕೆಗೆ ನಂಬಿಕೆಯೇ ತಳಹದಿ. ತನ್ನ ತಪ್ಪನ್ನು ಒಪ್ಪಿಕೊಂಡರೆ ಅವಮಾನವಾಗದೆಂಬ ಭರವಸೆಯಿಲ್ಲದ ಕಡೆ ಸೋಲಿನ ಕಥೆ ಹುಟ್ಟುವುದಿಲ್ಲ; ಸೋಲಿನ ಕಥೆಯಿಲ್ಲದೆ ಕಲಿಕೆಯೂ ಪೂರ್ಣವಾಗುವುದಿಲ್ಲ. 1990ರ ದಶಕದಲ್ಲಿ ಅದೇ ಕಂಪನಿಯು ತಂತ್ರಜ್ಞರ ಅನುಭವಗಳನ್ನು ಕಂಪ್ಯೂಟರಿನಲ್ಲಿ ಸಂಗ್ರಹಿಸುವ 'ಯುರೇಕಾ' ವ್ಯವಸ್ಥೆಯನ್ನು ರೂಪಿಸಿತು. ಸಲಹೆಗಳನ್ನು ಸಹೋದ್ಯೋಗಿಗಳೇ ಪರಿಶೀಲಿಸುತ್ತಿದ್ದರು; ಸಲಹೆಯೊಡನೆ ಅದನ್ನು ಕೊಟ್ಟವರ ಹೆಸರೂ ಇರುತ್ತಿತ್ತು. ತಂತ್ರಜ್ಞರು ಹಣದ ಬಹುಮಾನಕ್ಕಿಂತ ಈ ಮನ್ನಣೆಯನ್ನೇ ಬಯಸಿದರೆಂಬುದು ಗಮನಾರ್ಹ. ಸಂಬಂಧಗಳ ಮೌಲ್ಯವನ್ನು ಉಳಿಸಿಕೊಂಡಾಗ ಮಾತ್ರ ಬರಹವೂ ಜ್ಞಾನದ ವಾಹಕವಾಗಬಲ್ಲದು.

ಆದರೆ ಈ ಸಂಬಂಧಗಳನ್ನು ಆದರ್ಶೀಕರಿಸುವಂತಿಲ್ಲ. ಜ್ಞಾನವು ಊಟದ ಮೇಜಿನ ಸುತ್ತ ಹರಿಯುವುದಾದರೆ, ಆ ಮೇಜಿಗೆ ಕರೆಯಿಲ್ಲದವರು ಅದರಿಂದ ವಂಚಿತರಾಗುತ್ತಾರೆ. ಲಿಂಗ, ಭಾಷೆ, ಜಾತಿ, ಹುದ್ದೆಯ ಅಂತರಗಳು ಕಲಿಕೆಯ ಅಂತರಗಳಾಗಿಯೂ ಪರಿಣಮಿಸುತ್ತವೆ. ಕುಲಕಸುಬಿನ ಗುಟ್ಟು ಮನೆತನದಾಚೆ ದಾಟದ ಸಮಾಜಕ್ಕೆ ಇದು ಅಪರಿಚಿತ ಸಂಗತಿಯೇನಲ್ಲ. ಯಾರು ಯಾರಿಗೆ ಹೇಳುತ್ತಾರೆ, ಯಾರ ಮುಂದೆ ಮೌನ ವಹಿಸುತ್ತಾರೆ ಎಂಬ ಪ್ರಶ್ನೆಯು ಜ್ಞಾನದ ಪ್ರಶ್ನೆಯಷ್ಟೇ ಅಧಿಕಾರದ ಪ್ರಶ್ನೆಯೂ ಹೌದು.

ಕನ್ನಡ ಸಂಶೋಧನೆಗೆ ಇಲ್ಲೊಂದು ಹೊಸ ಕ್ಷೇತ್ರವಿದೆ. ಕಥೆಯನ್ನು ಪಠ್ಯವಾಗಿ ಮಾತ್ರವಲ್ಲದೆ ಹೇಳುಗ, ಕೇಳುಗ, ಸಂದರ್ಭಗಳ ಸಂಬಂಧದಲ್ಲಿ ಗ್ರಹಿಸುವ ವಿಧಾನವನ್ನು ಜಾನಪದ ಅಧ್ಯಯನವು ಬೆಳೆಸಿಕೊಂಡಿದೆ. ಆ ವಿಧಾನವನ್ನು ಹೊಲ, ಜಾತ್ರೆಗಳಾಚೆ ಕಾರ್ಖಾನೆ, ಕಚೇರಿಗಳಿಗೂ ವಿಸ್ತರಿಸಬೇಕಾಗಿದೆ. ಅನುಭವಿಗಳು ನಿವೃತ್ತರಾದಾಗ ಅವರ ಕಡತಗಳು ಉಳಿಯುತ್ತವೆ, ಕಥೆಗಳು ಉಳಿಯುವುದಿಲ್ಲ.