ತಗ್ಗಿಸಿದ ಕಾರಿನ ಹಿಂದಿನ ಸ್ಪ್ರಿಂಗು

ಗೋಕಾಕದ ಸುತ್ತಲಿನ ಎರೆಭೂಮಿಯಲ್ಲಿ ಚಕ್ಕಡಿಯನ್ನೇರಿ ಹೋದವರಿಗೆ ಸ್ಪ್ರಿಂಗಿನ ಉಪಯೋಗವನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಚಕ್ಕಡಿಯ ಅಚ್ಚಿಗೂ ಮೇಲಿನ ಹಲಗೆಗೂ ನಡುವೆ ಬಾಗುವ ವಸ್ತು ಯಾವುದೂ ಇಲ್ಲ. ಗಾಲಿ ಕಲ್ಲನ್ನು ಹತ್ತಿದರೆ ಕುಳಿತವನ ಬೆನ್ನೆಲುಬಿಗೆ ಆ ಸುದ್ದಿ ಒಡನೆಯೇ ಮುಟ್ಟುತ್ತದೆ. ಕಾರಿನಲ್ಲಿ ಹಾಗಾಗದಿರುವುದಕ್ಕೆ ಗಾಲಿಗೂ ಒಡಲಿಗೂ ನಡುವೆ ಇರುವ ಉಕ್ಕಿನ ಸುರುಳಿ ಕಾರಣ. ಗಾಲಿ ಏರುತ್ತದೆ, ಸುರುಳಿ ಕುಗ್ಗುತ್ತದೆ, ಒಡಲು ಬಹುಮಟ್ಟಿಗೆ ತನ್ನ ಮಟ್ಟದಲ್ಲಿಯೇ ಸಾಗುತ್ತದೆ.

ಸ್ಪೋರ್ಟ್ಸ್ ಕಾರನ್ನು ನೆಲಕ್ಕೆ ಸಮೀಪವಾಗಿ ಕಟ್ಟುವುದಕ್ಕೂ ಕಾರಣವುಂಟು. ಗುರುತ್ವಕೇಂದ್ರ ತಗ್ಗಿದಷ್ಟೂ ತಿರುವಿನಲ್ಲಿ ಹೊರಮಗ್ಗುಲಿನ ಗಾಲಿಗಳ ಮೇಲೆ ಭಾರ ಸರಿಯುವುದು ಕಡಿಮೆಯಾಗುತ್ತದೆ. ಇದನ್ನರಿತ ಕೆಲವರು ಅಗ್ಗದ ಉಪಾಯವೊಂದನ್ನು ಹಿಡಿಯುತ್ತಾರೆ: ಸ್ಪ್ರಿಂಗಿನ ಒಂದು ಸುತ್ತನ್ನು ಕತ್ತರಿಸಿಬಿಡುವುದು. ಕಾರು ತಗ್ಗುತ್ತದೆ, ನಿಜ. ಅದರೊಡನೆ ಮತ್ತೇನು ತಗ್ಗುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡೋಣ.

ಸ್ಪ್ರಿಂಗಿನ ಮೇಲೆ ಹೇರಿದ ಬಲಕ್ಕೆ ಅನುಗುಣವಾಗಿ ಅದರ ಕುಗ್ಗುವಿಕೆ ಇರುತ್ತದೆಂಬುದು ರಾಬರ್ಟ್ ಹುಕ್ 1678ರಲ್ಲಿ ವಿವರಿಸಿದ ನಿಯಮ. ಹಿಂದಿನ ಒಂದು ಸ್ಪ್ರಿಂಗು 200 ಕಿಲೋಗ್ರಾಂ ತೂಕವನ್ನು, ಎಂದರೆ ಸುಮಾರು 2000 ನ್ಯೂಟನ್ ಬಲವನ್ನು, ಹೊತ್ತಿದೆಯೆಂದು ಭಾವಿಸೋಣ. ಅದಕ್ಕೆ ಆರು ಸುತ್ತು. ಉದ್ದ 300 ಮಿಲಿಮೀಟರ್. ಒಂದು ಮಿಲಿಮೀಟರ್ ಕುಗ್ಗಿಸಲು 20 ನ್ಯೂಟನ್ ಬೇಕು. ಆಗ ಅದು 100 ಮಿ.ಮೀ. ಕುಗ್ಗಿ, 200 ಮಿ.ಮೀ. ಎತ್ತರದಲ್ಲಿ ನಿಲ್ಲುತ್ತದೆ. ಒಂದು ಸುತ್ತನ್ನು ಕತ್ತರಿಸಿದರೆ ಉದ್ದ 250 ಮಿ.ಮೀ. ಆಗುತ್ತದೆ. ಉಳಿದ ಒಂದೊಂದು ಸುತ್ತೂ ಮೊದಲಿನಷ್ಟೇ ಕುಗ್ಗುವುದರಿಂದ ಒಟ್ಟು ಕುಗ್ಗುವಿಕೆ 83 ಮಿ.ಮೀ.; ನಿಂತ ಎತ್ತರ 167 ಮಿ.ಮೀ. ಕಾರು 33 ಮಿ.ಮೀ. ಇಳಿಯಿತು, ಸ್ಪ್ರಿಂಗಿನ ಬಿರುಸು 20ರಿಂದ 24ಕ್ಕೆ ಏರಿತು.

ಬಿರುಸು ಹೆಚ್ಚಿತಲ್ಲ, ಹೊಡೆತವನ್ನು ತಡೆಯುವ ಶಕ್ತಿಯೂ ಹೆಚ್ಚಿರಬೇಕಲ್ಲವೆ ಎಂದು ವಾಚಕರು ಕೇಳಬಹುದು. ಇಲ್ಲಿಯೇ ಇರುವುದು ಮೋಸ. ಗಾಲಿ ಮೇಲೇರಿ ರಬ್ಬರಿನ ತಡೆಗೆ ತಾಗುವ ಮುನ್ನ ಮೊದಲು 80 ಮಿ.ಮೀ. ಅವಕಾಶವಿದ್ದಿತೆನ್ನೋಣ, ಈಗ ಉಳಿದದ್ದು 47 ಮಾತ್ರ. ತಡೆಯುವ ಶಕ್ತಿಯು ಬಿರುಸಿಗೆ ಅನುಪಾತವಾಗಿಯೂ ದೂರದ ವರ್ಗಕ್ಕೆ ಅನುಪಾತವಾಗಿಯೂ ಇರುವುದರಿಂದ, ಮೊದಲು 64 ಜೂಲ್ ಇದ್ದದ್ದು ಈಗ ಸುಮಾರು 26 ಜೂಲ್. ಬಿರುಸು ಐದನೆಯ ಒಂದು ಪಾಲು ಏರಿತು. ರಕ್ಷಣೆ ಅರ್ಧಕ್ಕಿಂತಲೂ ಕೆಳಗಿಳಿಯಿತು!

ಇಂಥ ಕಾರಿನಲ್ಲಿ ಗೋಕಾಕದಿಂದ ಮೇಲವಂಕಿಯ ಕಡೆಗೆ ಹೊರಟೆವೆಂದು ಊಹಿಸಿರಿ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ, ಬೇಸಗೆಯಲ್ಲಿ ಬಿರಿಯುವ ಗುಣವುಳ್ಳದ್ದು; ಅದರ ಮೇಲಿನ ರಸ್ತೆ ಬಹುಕಾಲ ಸಮತಲವಾಗಿ ಉಳಿಯುವುದು ಕಷ್ಟ. ತಗ್ಗೊಂದು ಎದುರಾದಾಗ ಗಾಲಿ ರಬ್ಬರಿನ ತಡೆಗೆ ಬಡಿಯುತ್ತದೆ. ಆ ಕ್ಷಣದಲ್ಲಿ ನಮ್ಮ ಸ್ಪೋರ್ಟ್ಸ್ ಕಾರು ಬಹುಮಟ್ಟಿಗೆ ಚಕ್ಕಡಿಯೇ ಸರಿ. ತಿರುವಿನಲ್ಲಿ ಹೀಗಾದರೆ ಹಿಂದಿನ ಟೈರು ಹಿಡಿತ ತಪ್ಪಿ ಕಾರು ಅಡ್ಡತಿರುಗಬಹುದು. ಗಾಲಿ ಪೂರ್ತಿ ಕೆಳಗೆ ಜೋತಾಗ ಮೋಟು ಸ್ಪ್ರಿಂಗು ತನ್ನ ಪೀಠದಿಂದ ಕಳಚುವ ಭಯವೂ ಉಂಟು.

ಹಾಗಾದರೆ ಸರಿಯಾದ ಮಾರ್ಗವೇನು? ಮೊದಲನೆಯದಾಗಿ, ಗಿಡ್ಡವಾಗಿದ್ದರೂ ತಕ್ಕಷ್ಟು ಬಿರುಸಾಗಿ, ಗಾಲಿ ಜೋತಾಗಲೂ ಪೀಠವನ್ನು ಬಿಡದಂತೆ ತಯಾರಿಸಿದ ಸ್ಪ್ರಿಂಗು ಬೇಕು. ಆದರೆ ಇದಕ್ಕೂ ಮಿತಿಯುಂಟು: 47 ಮಿ.ಮೀ.ನಲ್ಲಿ ಆ 64 ಜೂಲನ್ನು ಮರಳಿ ಪಡೆಯಲು ಬಿರುಸು ಸುಮಾರು 58ಕ್ಕೆ, ಎಂದರೆ ಮೊದಲಿನ ಮೂರರಷ್ಟಕ್ಕೆ ಸಮೀಪವಾಗಿ ಏರಬೇಕಾದೀತು! ಆದುದರಿಂದ ಕಡಿಮೆ ತಗ್ಗಿಸುವುದೇ ಜಾಣತನ. ಎರಡನೆಯದು ಶಾಕ್ ಅಬ್ಸಾರ್ಬರ್. ಸ್ಪ್ರಿಂಗು ಶಕ್ತಿಯನ್ನು ಕೂಡಿಡುತ್ತದೆ, ಕಳೆಯುವುದಿಲ್ಲ; ಕಿರುರಂಧ್ರಗಳಲ್ಲಿ ಎಣ್ಣೆಯನ್ನು ನೂಕಿ ಅದನ್ನು ಶಾಖವಾಗಿಸುವುದು ಈ ಕೊಳವೆಯ ಕೆಲಸ. ಸ್ಪ್ರಿಂಗು ಬಿರುಸಾದಂತೆ ಹಳೆಯ ಕೊಳವೆ ಸಾಲದಾಗಿ ಕಾರು ಕುಣಿಯತೊಡಗುತ್ತದೆ. ಮೂರನೆಯದಾಗಿ, ಒಡಲು ಇಳಿದಾಗ ಗಾಲಿಯನ್ನು ಹಿಡಿದ ತೋಳುಗಳ ಕೋನ ಬದಲಾಗಿ, ಅನೇಕ ಕಾರುಗಳಲ್ಲಿ ಹಿಂದಿನ ಗಾಲಿಗಳು ಓರೆಯಾಗುತ್ತವೆ. ಟೈರಿನ ಒಳ ಅಂಚು ಬೇಗ ಸವೆಯುತ್ತದೆ. ಉದ್ದವನ್ನು ಹೊಂದಿಸಬಲ್ಲ ತೋಳುಗಳಿಂದ ಇದನ್ನು ಸರಿಪಡಿಸಬೇಕು.

ತಯಾರಕರು ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಅಧಿನಿಯಮದ 52ನೆಯ ಪ್ರಕರಣವು ನಿರ್ಬಂಧಿಸಿದೆಯೆಂಬುದನ್ನೂ ಮರೆಯಲಾಗದು. ಸ್ಪ್ರಿಂಗು, ಕೊಳವೆ, ತೋಳು ಇವು ಒಂದೇ ನೊಗಕ್ಕೆ ಹೂಡಿದ ಎತ್ತುಗಳಿದ್ದಂತೆ. ಒಂದರ ಹೆಜ್ಜೆಯನ್ನು ಬದಲಿಸಿದವನು ಉಳಿದವುಗಳ ಹೆಜ್ಜೆಯನ್ನೂ ನೋಡಿಕೊಳ್ಳಲೇಬೇಕು.