ಎಲ್ಲಾರೂ ಬ್ಯಾಸಗ್ಯಾಗ ಬೋರ್ ಹೊಡಸಿದ್ರ ಹೆಂಗ? ವರ್ಷಪೂರ್ತಿ ಹಂಚಿಕೊಳ್ಳುವ ಲೆಕ್ಕ ಇಲ್ಲೈತಿ

ಏಪ್ರಿಲ್ ಬಂತಂದ್ರ ಸಾಕು, ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಕಡೆ ಹಗಲು ರಾತ್ರಿ ಬೋರ್ ಲಾರಿ ಸದ್ದು. ಏಜೆಂಟರಿಗೆ ಫೋನ್ ಹಚ್ಚಿದ್ರ ‘ಇನ್ನ ಎಂಟು ದಿನ ತಡೀರಿ, ನಿಮ್ಮ ಮುಂದ ಭಾಳ ಮಂದಿ ಅದಾರ’ ಅಂತಾರ. ಅದೇ ಲಾರಿ ಆಗಸ್ಟ್‌ನಲ್ಲಿ ಕೆಲಸ ಇಲ್ಲದೆ ರಸ್ತೆ ಬಾಜು ನಿಂತಿರುತ್ತದೆ. ವರ್ಷದ ಕೆಲಸವನ್ನೆಲ್ಲ ಮೂರು ತಿಂಗಳಿನಾಗ ತುರುಕೂದು ಯಾಕ? ಹಂಚಿಕೊಂಡು ಮಾಡಿದರೆ ರೈತರಿಗೆ ಏನು ಲಾಭ? ಈ ಬಗ್ಗೆ ಇಲ್ಲಿದೆ ವಿವರ.

ಬ್ಯಾಸಗಿಗೇ ಯಾಕ ಗದ್ದಲ?

ಮೊದಲನೇ ಕಾರಣ ಮಣ್ಣು. ನವಲಗುಂದ, ಅಣ್ಣಿಗೇರಿ ಮತ್ತು ಕುಂದಗೋಳದ ಬಹುಭಾಗ ಎರಿ ಭೂಮಿ. ಮಳಿ ಬಿದ್ದ ಮ್ಯಾಲ ಎತ್ತಿನ ಗಾಡಿನೂ ಹುಗೀತೈತಿ. ಬೋರ್ ಹೊಡೆಯಲು ಬರುವುದು ಒಂದಲ್ಲ, ಎರಡು ಭಾರಿ ಲಾರಿ. ಒಂದರಲ್ಲಿ ಕೊರೆಯುವ ಯಂತ್ರ, ಇನ್ನೊಂದರಲ್ಲಿ ಕಬ್ಬಿಣದ ರಾಡು ಮತ್ತಿತರ ಸಾಮಾನು. ಬೆಣ್ಣಿಹಳ್ಳ, ತುಪ್ಪರಿಹಳ್ಳ ತುಂಬಿ ಹರಿಯುವಾಗ ಅಂಥಾ ಗಾಡಿ ಹೊಲಕ್ಕೆ ಇಳಿಸುವ ಮಾತೇ ಇಲ್ಲ.

ಎರಡನೇದು ಬೆಳೆ. ಮುಂಗಾರಿಗೆ ಹೆಸರು, ಅದಾದ ಮ್ಯಾಲ ಹಿಂಗಾರಿಗೆ ಕಡ್ಲಿ, ಬಿಳಿಜೋಳ, ಗೋಧಿ. ಹೊಲ ಖಾಲಿ ಆಗುವುದೇ ಫೆಬ್ರವರಿ–ಮಾರ್ಚ್‌ಗೆ. ನಿಂತ ಬೆಳೆ ಮ್ಯಾಲ ಲಾರಿ ಹಾಯಿಸಲು ಯಾರಿಗೂ ಮನಸ್ಸು ಬರೂದಿಲ್ಲ.

ಮೂರನೇದು ನಮ್ಮ ಸ್ವಭಾವ. ಹಳೇ ಬೋರಿನಾಗ ನೀರು ಇರುವ ತನಕ ಹೊಸದರ ನೆನಪಾಗುವುದಿಲ್ಲ. ಮೋಟಾರ್ ಗಾಳಿ ಹಿಡಿದ ದಿನವೇ ಫೋನ್ ತೆಗೆಯುತ್ತೇವೆ.

ಕೆನಡಾದಾಗೂ ಇದ ಕತಿ

ಇದು ನಮ್ಮ ಊರಿನ ಸಮಸ್ಯೆ ಅಷ್ಟೇ ಅಲ್ಲ. ಕೆನಡಾ ದೇಶದ ಆಲ್ಬರ್ಟಾ ಪ್ರಾಂತದಲ್ಲಿ ಕಚ್ಚಾ ತೈಲ, ಅನಿಲಕ್ಕಾಗಿ ಬಾವಿ ಕೊರೆಯುತ್ತಾರೆ. ಅಲ್ಲಿ ಜೌಗು ನೆಲ ಹೆಚ್ಚು. ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟಿ ಕಲ್ಲಿನಂಗ ಆದಾಗ ಮಾತ್ರ ಭಾರಿ ಯಂತ್ರ ಒಳಗ ಹೋಗತಾವ. ಮಾರ್ಚ್ ಕೊನೆಗೆ ಹಿಮ ಕರಗಿತೆಂದರೆ ರಾಡಿಯೋ ರಾಡಿ. ರಸ್ತೆ ಹಾಳಾಗಬಾರದೆಂದು ಭಾರದ ಲಾರಿಗಳಿಗೆ ಸರ್ಕಾರವೇ ಮಿತಿ ಹಾಕುತ್ತದೆ. ಕೆಲ ವಾರ ಯಂತ್ರ ಬಂದ್, ಕೆಲಸಗಾರರಿಗೆ ದುಡಿಮೆ ಇಲ್ಲ. ಚಳಿಗಾಲ ಬಂದರೆ ಎಲ್ಲ ಕಂಪನಿಗಳಿಗೂ ಒಮ್ಮೆಲೇ ಯಂತ್ರ ಬೇಕು, ಆಳು ಬೇಕು.

ಹೀಗಾಗಿ ಅವರು ಕೆಲಸವನ್ನು ವರ್ಷಕ್ಕೆ ಹಂಚುವ ದಾರಿ ಹುಡುಕಿದರು. ರಾಡಿ ಮೇಲೆ ಮರದ ದಪ್ಪ ಹಲಗೆ ಹಾಸಿದರು. ಯಂತ್ರವನ್ನು ದೂರ ಒಯ್ಯದೆ, ಗಟ್ಟಿ ಮಾಡಿದ ಒಂದೇ ಜಾಗದಿಂದ ಹಲವು ಬಾವಿ ಕೊರೆಯಲು ಶುರು ಮಾಡಿದರು.

ನಮ್ಮ ಧಾರವಾಡದ ಕಲ್ಲು 250 ಕೋಟಿ ವರ್ಷಕ್ಕಿಂತ ಹಳೇದು. ಇದರಾಗ ತೈಲ ಸಿಗೂದಿಲ್ಲ, ಬಿರುಕಿನಾಗ ನೀರು ಸಿಕ್ಕರೆ ಅದೇ ಭಾಗ್ಯ. ಆದರೆ ಅವರ ಲೆಕ್ಕ ನಮಗೂ ಹೊಂದತೈತಿ.

ಅವಸರಕ್ಕ ತೆರುವ ಬೆಲೆ

ಮೇ ತಿಂಗಳಲ್ಲಿ ಬೋರ್ ಹೊಡೆಸುವ ರೈತನ ಕಡೆ ಚೌಕಾಸಿ ಮಾಡುವ ಶಕ್ತಿ ಇರೂದಿಲ್ಲ. ಲಾರಿಗಳಲ್ಲಿ ಬಹಳಷ್ಟು ತಮಿಳುನಾಡಿನ ತಿರುಚೆಂಗೋಡು ಕಡೆಯವು. ಅವರು ಹೇಳಿದ ದಿನ, ಹೇಳಿದ ದರ. ಆಳ ಹೋದಂಗ ಫೂಟಿನ ದರನೂ ಏರತೈತಿ, ಕೇಸಿಂಗ್ ಪೈಪ್ ಲೆಕ್ಕ ಬ್ಯಾರೆ. ‘ಇನ್ನ ನೂರು ಫೂಟು ಹೋಗೋಣೇನ್ರಿ?’ ಎಂದು ಲಾರಿಯವರು ಕೇಳುವಾಗ, ಒಣಗುತ್ತಿರುವ ಬೆಳೆ ಎದುರಿಗೆ ನಿಂತ ರೈತ ‘ಬ್ಯಾಡ’ ಅನ್ನಲು ಬರೂದಿಲ್ಲ. ನೀರು ಬೀಳಲಿಲ್ಲ ಅಂದ್ರ ಸಾಲ ಮಾತ್ರ ಉಳೀತೈತಿ.

ನೀರು ಬಿದ್ದರೂ ಅಂದೇ ಬೆಳೆಗೆ ಹರಿಯುವುದಿಲ್ಲ. ಮೋಟಾರ್, ಪೈಪ್, ಸ್ಟಾರ್ಟರ್, ಹೆಸ್ಕಾಂ ಸಂಪರ್ಕ, ಕಂಬ, ಟಿಸಿ ಎಲ್ಲ ಆಗಬೇಕು. ಅಷ್ಟರಾಗ ಮಳಿ ಬಂದಿರತೈತಿ. ಅಂದರೆ ಮೇ ತಿಂಗಳ ಬೋರ್ ಆ ಬ್ಯಾಸಗಿಯನ್ನ ಉಳಿಸೂದು ಅಪರೂಪ.

ಇನ್ನೊಂದು ಬೆಲೆ ಜೀವದ್ದು. 2017ರ ಏಪ್ರಿಲ್‌ನಲ್ಲಿ ಬೆಳಗಾವಿ ಜಿಲ್ಲೆ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ಬಾಲಕಿಯೊಬ್ಬಳು ಕೊಳವೆಬಾವಿಗೆ ಬಿದ್ದು ತೀರಿಕೊಂಡಳು. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಬಿದ್ದ ಕಂದನನ್ನು ಜೀವಂತ ಹೊರತೆಗೆಯಲಾಯಿತು. ಎರಡೂ ಬ್ಯಾಸಗಿ. ಸುಪ್ರೀಂ ಕೋರ್ಟ್ 2010ರಲ್ಲೇ ಕೊಟ್ಟ ನಿರ್ದೇಶನದಂತೆ ಬೋರ್ ಹೊಡೆಸುವ 15 ದಿನ ಮೊದಲು ಸಂಬಂಧಪಟ್ಟ ಅಧಿಕಾರಿಗಳಿಗೆ ಅಥವಾ ಪಂಚಾಯಿತಿಗೆ ಲಿಖಿತವಾಗಿ ತಿಳಿಸಬೇಕು. ಕೊರೆಯುವಾಗ ಸುತ್ತ ಬೇಲಿ ಹಾಕಬೇಕು, ಕೇಸಿಂಗ್ ಬಾಯಿ ಮುಚ್ಚಬೇಕು, ನೀರು ಬೀಳದ ಬೋರನ್ನು ತುಂಬಬೇಕು. ಇವತ್ತು ಫೋನ್, ನಾಳೆ ಲಾರಿ ಅಂದ್ರ ಈ ಕೆಲಸಕ್ಕೆ ಸಮಯ ಎಲ್ಲೈತಿ?

ಚಳಿಗಾಲದ ನೀರು ನಂಬಬಹುದೇನ್ರಿ?

ಇದು ಸರಿಯಾದ ಪ್ರಶ್ನೆ. ಬ್ಯಾಸಗ್ಯಾಗ ನೀರು ಕೆಳಗೆ ಹೋಗಿರತೈತಿ, ಆಗ ಸಿಕ್ಕ ನೀರು ಖರೇ ನೀರು ಎನ್ನುವ ಹಿರಿಯರ ಮಾತು ಸುಳ್ಳಲ್ಲ. ನವೆಂಬರ್‌ನಲ್ಲಿ ಕೊರೆದಾಗ ಮೇಲಿನ ಪದರದ ನೀರೇ ಎರಡು ಇಂಚು ಚಿಮ್ಮಿ ಏಪ್ರಿಲ್‌ಗೆ ಬತ್ತಬಹುದು.

ಇದಕ್ಕ ಉಪಾಯ ಐತಿ. ನೋಡುವ ಕೆಲಸ ಬ್ಯಾಸಗಿಗೆ, ಕೊರೆಯುವ ಕೆಲಸ ಚಳಿಗಾಲಕ್ಕೆ. ಮೇ ತಿಂಗಳಲ್ಲಿ ಅಕ್ಕಪಕ್ಕದ ಬೋರುಗಳಲ್ಲಿ ಎಷ್ಟು ಫೂಟಿಗೆ ನೀರೈತಿ ಅಂತ ಬರೆದಿಡಿ. ಡಿಸೆಂಬರ್‌ನಲ್ಲಿ ಕೊರೆಯುವಾಗ ಎಷ್ಟು ಇಂಚು ಅನ್ನೂದರ ಜೊತಿ, ಎಷ್ಟು ಫೂಟಿಗೆ ನೀರು ಬಿತ್ತು ಅನ್ನುವುದನ್ನೂ ಬರೆಸಿಕೊಳ್ಳಿ. ಮೇ ಮಟ್ಟಕ್ಕಿಂತ ಕೆಳಗಿನ ಬಿರುಕಿನಿಂದ ಬಂದ ನೀರನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ.

ತಾಲ್ಲೂಕಿಗೊಂದು ಸರದಿ

ಕಲಘಟಗಿ: ಮಲೆನಾಡಿನ ಸೆರಗು. ಗೋವಿನಜೋಳ, ಭತ್ತ ನವೆಂಬರ್–ಡಿಸೆಂಬರ್‌ಗೆ ಕೊಯ್ಲಾಗತಾವ. ಮಸಾರಿ ನೆಲ ಬೇಗ ಆರತೈತಿ. ಇಲ್ಲಿ ಡಿಸೆಂಬರ್–ಜನವರಿಯಲ್ಲೇ ಮುಗಿಸಬಹುದು.

ಕುಂದಗೋಳ: ಮೆಣಸಿನಕಾಯಿ, ಹತ್ತಿ ಬಿಡಿಸಿದ ಮ್ಯಾಲ, ಅಂದರೆ ಫೆಬ್ರವರಿಯಿಂದ.

ನವಲಗುಂದ, ಅಣ್ಣಿಗೇರಿ: ಕಡ್ಲಿ ಒಕ್ಕಣೆ ಮುಗಿದ ಕೂಡಲೇ. ಆದರೆ ಈ ಕಡೆ ಹಲವೆಡೆ ಸವಳು ನೀರು. ಮೊದಲು ಪಕ್ಕದ ಹೊಲದ ಬೋರಿನ ನೀರು ಪರೀಕ್ಷೆ ಮಾಡಿಸಿ. ಸವಳಿದ್ದರೆ ಬೋರಿನ ದುಡ್ಡು ಕೃಷಿ ಹೊಂಡಕ್ಕೆ ಹಾಕುವುದೇ ಶಾಣ್ಯಾತನ.

ಕಲಘಟಗಿಯವರು ಮೊದಲೇ ಮುಗಿಸಿದರೆ, ಎರಿ ಭೂಮಿಯವರಿಗೆ ಮಾರ್ಚ್‌ನಲ್ಲಿ ಲಾರಿ ಸಲೀಸಾಗಿ ಸಿಗುತ್ತವೆ.

ರೈತರು ಏನ್ ಮಾಡಬೇಕು?

– ಪಾಯಿಂಟ್ ನೋಡಿಸುವಾಗ ಹೊಲದ ದಾರಿ ಬಾಜು, ಬದುವಿನ ಹತ್ತಿರದ ಜಾಗಕ್ಕೂ ಅವಕಾಶ ಐತೇನು ಅಂತ ಭೂವಿಜ್ಞಾನಿಗಳಿಗೆ ಕೇಳಿ. ಅಲ್ಲಿ ಬಂದರೆ ಬೆಳೆ ಇದ್ದಾಗಲೂ ಕೊರೆಸಬಹುದು.
– ಅಕ್ಕಪಕ್ಕದ ಮೂರು–ನಾಲ್ಕು ಮಂದಿ ಕೂಡಿ ಒಂದೇ ಸಲ ಲಾರಿ ಕರೆಸಿ. ಹೋಗಿ ಬರುವ ಖರ್ಚಿನ ಮ್ಯಾಲ ಮಾತಾಡಲು ಬಲ ಬರತೈತಿ.
– ಎಷ್ಟು ಫೂಟಿಗೆ ನಿಲ್ಲಿಸಬೇಕು ಅನ್ನೂದನ್ನ ಮನಿಯಾಗ ಕುಂತು ಮೊದಲೇ ತೀರ್ಮಾನಿಸಿ. ಲಾರಿ ಮುಂದ ನಿಂತು ಅಲ್ಲ.
– ಪಂಚಾಯಿತಿಗೆ 15 ದಿನ ಮೊದಲು ಅರ್ಜಿ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ.
– ನೀರು ಬೀಳದಿದ್ದರೆ ಲಾರಿ ಹೋಗುವ ಮೊದಲೇ ಬಾಯಿ ಮುಚ್ಚಿಸಿ.

ಇಷ್ಟು ಮಾಡಿದ್ರ ನೆಲದಾಗಿನ ನೀರು ಹೆಚ್ಚಾಗೂದಿಲ್ಲ, ಖರೆ. ಆದರೆ ಮೇ ತಿಂಗಳ ಗಾಬರಿಯಾಗ ಮಾಡೂ ಸಾಲ ತಪ್ಪಬಹುದು. ನಿಮ್ಮ ಬೋರಿನಾಗ ಈಗ ನೀರು ಎಷ್ಟು ಫೂಟಿಗೈತಿ? ಹಗ್ಗ ಇಳಿಸಿ ನೋಡಿ, ಇವತ್ತೇ ಬರೆದಿಡ್ರಿ.