ಒಂದೇ ರಿಂಗ್ ಸಾಕು

ಬಾಸ್ಕೆಟ್‌ಬಾಲ್ ಆಡಲು ಕಡೆಗೆ ಐವರಂತೆ ಹತ್ತು ಮಂದಿ ಬೇಕು. ಹುಣಸಗಿ ಭಾಗದ ಸರ್ಕಾರಿ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕನಾಗಿರುವ ನನಗೆ ಆ ಹತ್ತು ಮಂದಿಯನ್ನು ಕೂಡಿಸುವುದೇ ದೊಡ್ಡ ಕೆಲಸ. ಹತ್ತಿ ಬಿಡಿಸುವ ಹಂಗಾಮಿನಲ್ಲಿ ಅರ್ಧ ತಂಡ ಹೊಲದಲ್ಲಿರುತ್ತದೆ. ಇನ್ನು ಕೆಲವರು ಅಪ್ಪ-ಅವ್ವನ ಜೊತೆ ಬೆಂಗಳೂರಿಗೆ ಗುಳೆ ಹೋಗಿರುತ್ತಾರೆ. "ಸರ, ಇಬ್ಬರ ಅದೀವ್ರಿ, ಇವತ್ತ ಆಟ ಇಲ್ಲೇನ್ರಿ?" ಎಂದು ಉಳಿದ ಮಕ್ಕಳು ಕೇಳುತ್ತಾರೆ. ಇಬ್ಬರಿದ್ದರೂ ಆಟ ಇದೆ ಎನ್ನುತ್ತೇನೆ. ಒಬ್ಬರ ಎದುರು ಒಬ್ಬರೇ ನಿಂತು ಆಡುವ ಬಾಸ್ಕೆಟ್‌ಬಾಲ್‌ಗೆ ಹೊರದೇಶಗಳಲ್ಲಿ ದೊಡ್ಡ ಬಹುಮಾನದ ಟೂರ್ನಿಗಳೇ ನಡೆದಿವೆ. ನಮ್ಮಂಥ ತಾಲ್ಲೂಕಿಗೆ ಈ ಆಟ ಬರಬೇಕಾದರೆ ಇದೇ ದಾರಿಯಿಂದ ಬರಬೇಕು ಎಂಬುದು ನನ್ನ ಗಟ್ಟಿ ನಂಬಿಕೆ.

ನಿಯಮಗಳನ್ನು ಸಂಘಟಕರು ತಮಗೆ ತಕ್ಕಂತೆ ಮಾಡಿಕೊಳ್ಳುತ್ತಾರಾದರೂ ಚೌಕಟ್ಟು ಹೆಚ್ಚುಕಡಿಮೆ ಒಂದೇ. ಅರ್ಧ ಅಂಕಣ, ಒಂದು ರಿಂಗ್. ರಿಂಗಿನ ಎತ್ತರ ಎಂದಿನಂತೆ 10 ಅಡಿ. ತಡೆಯುವವನು ಬಾಲನ್ನು ಎದುರಾಳಿಯ ಕೈಗೆ ಕೊಟ್ಟ ಮೇಲೆ ಆಟ ಶುರು. ಇದಕ್ಕೆ 'ಚೆಕ್' ಎನ್ನುತ್ತಾರೆ. ತಡೆಯುವವನಿಗೆ ಬಾಲ್ ಸಿಕ್ಕರೆ ಅವನು ಅದನ್ನು ಕಮಾನು ಗೆರೆಯ ಆಚೆಗೆ ಒಯ್ದು, ಅಲ್ಲಿಂದ ಹೊಸದಾಗಿ ನುಗ್ಗಬೇಕು. ಸಾಮಾನ್ಯವಾಗಿ ಮೊದಲು 11 ಅಂಕ ಮುಟ್ಟಿದವರು ಇಲ್ಲವೇ ದಾಟಿದವರು ಗೆದ್ದಂತೆ. ಹಲವು ಕಡೆ ಬಾಸ್ಕೆಟ್ ಹಾಕಿದವರಿಗೇ ಬಾಲ್ ಮರಳಿ ಸಿಗುತ್ತದೆ. ಎದುರಾಳಿ ಒಮ್ಮೆ ಲಯ ಹಿಡಿದರೆ ಬಾಲ್ ಮುಟ್ಟುವುದಕ್ಕೂ ನಾವು ಹೆಣಗಬೇಕು.

2025ರ ಫೆಬ್ರುವರಿಯಲ್ಲಿ ಅಮೆರಿಕದ ಮಯಾಮಿಯಲ್ಲಿ ಇದು ಕಣ್ಣಿಗೆ ಕಟ್ಟುವಂತೆ ನಡೆಯಿತು. ವೃತ್ತಿಪರ ಆಟಗಾರ್ತಿಯರ 'ಅನ್‌ರೈವಲ್ಡ್' ಲೀಗ್ ತನ್ನ ಮೊದಲ ವರ್ಷದಲ್ಲೇ ಇಂಥ ಟೂರ್ನಿ ಏರ್ಪಡಿಸಿತು. ಲೀಗ್ ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಬ್ರಿಯಾನಾ ಸ್ಟೀವರ್ಟ್ ಮೊದಲ ಸುತ್ತಿನಲ್ಲೇ ಎಳೆಯ ಆಟಗಾರ್ತಿ ಆಲಿಯಾ ಎಡ್ವರ್ಡ್ಸ್ ಎದುರು 12-0ರಿಂದ ಸೋತರು. ಇನ್ನೊಬ್ಬ ಸ್ಥಾಪಕಿ ನಫೀಸಾ ಕಾಲಿಯರ್ ಫೈನಲ್‌ನಲ್ಲಿ ಅದೇ ಎಡ್ವರ್ಡ್ಸ್‌ರನ್ನು ಮಣಿಸಿ 2 ಲಕ್ಷ ಡಾಲರ್ ಗೆದ್ದರು.

ಪದ್ಧತಿ ಹೊಸದೇನಲ್ಲ. 1972ರಲ್ಲೇ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಆಟಗಾರರ ನಡುವೆ ಇಂಥ ಟೂರ್ನಿ ನಡೆದು, 6 ಅಡಿ 11 ಅಂಗುಲದ ಬಾಬ್ ಲ್ಯಾನಿಯರ್ ಫೈನಲ್‌ನಲ್ಲಿ 6 ಅಡಿ 3 ಅಂಗುಲದ ಜೋ ಜೋ ವೈಟ್‌ರನ್ನು ಸೋಲಿಸಿ 15 ಸಾವಿರ ಡಾಲರ್ ಪಡೆದರು. 2010ರಲ್ಲಿ ರೆಡ್ ಬುಲ್ ಕಂಪನಿ ಅಮೆರಿಕದ ಆಲ್ಕಟ್ರಾಜ್ ದ್ವೀಪದಲ್ಲಿ, 1963ರಲ್ಲೇ ಮುಚ್ಚಿದ್ದ ಜೈಲಿನ ಬಯಲು ಅಂಗಳದಲ್ಲಿ 'ಕಿಂಗ್ ಆಫ್ ದಿ ರಾಕ್' ನಡೆಸಿತು. ಮೇಲೆ ಚಾವಣಿ ಇಲ್ಲ, ಸುತ್ತ ಸಮುದ್ರದ ಗಾಳಿ. ಆಷಾಢದ ಗಾಳಿಯಲ್ಲಿ ರಿಂಗಿಗೆ ಗುರಿ ಇಡುವ ನನ್ನ ಹುಡುಗರಿಗೆ ಈ ಸಂಗತಿ ಬಹಳ ಹಿಡಿಸುತ್ತದೆ.

ನಮ್ಮ ಸೀಮೆಯ ಜನಕ್ಕೆ ಈ ಆಟವನ್ನು ವಿವರಿಸಿ ಹೇಳುವ ಅಗತ್ಯವೇ ಬೀಳಲಿಲ್ಲ. ಜಾತ್ರೆಯ ಕುಸ್ತಿ ನೋಡಿ ಬೆಳೆದವರಿಗೆ ಜೋಡಿ ಹಚ್ಚುವುದು ಗೊತ್ತು, ಹುಸಿ ಪಟ್ಟು ಗೊತ್ತು, ನಿಕಾಲಿ ಆಗುವ ತನಕ ಕಾಯುವುದು ಗೊತ್ತು. ಒಂದು ಸಂಜೆ ನಿಂತು ನೋಡಿದ ಹಿರಿಯ ಪೈಲ್ವಾನರೊಬ್ಬರು, "ಎಡಕ್ಕ ಹೊಂಟಂಗ ಮಾಡಿ ಬಲಕ್ಕ ನುಗ್ಗಿದ ನೋಡ್ರಿ ಮಾಸ್ತರ, ಎದುರಿನಂವನ ಕಾಲ ಎತ್ತಿಸಿದ" ಎಂದರು. ಬಾಸ್ಕೆಟ್‌ಬಾಲ್ ತರಬೇತಿಯ ಮೊದಲ ಪಾಠವೇ ಅದು. ತಡೆಯುವವನ ತೂಕ ಯಾವ ಕಾಲಿನ ಮೇಲೆ ಬೀಳುತ್ತದೋ ಅದರ ವಿರುದ್ಧ ದಿಕ್ಕಿಗೆ ಡ್ರಿಬಲ್ ಮಾಡಬೇಕು. ತಡೆಯುವವನು ಮಂಡಿ ಬಾಗಿಸಿ, ಬಾಲ್ ನೋಡದೆ ಎದುರಾಳಿಯ ಸೊಂಟ ನೋಡಬೇಕು. ಕಣ್ಣು, ಭುಜ, ಕೈ ಎಲ್ಲ ಮೋಸ ಮಾಡಬಲ್ಲವು. ಸೊಂಟ ಹೋದ ಕಡೆಗೇ ದೇಹ ಹೋಗುತ್ತದೆ.

ಇದಕ್ಕೆ ತಗಲುವ ಖರ್ಚೂ ಕಡಿಮೆ. ಎರೆ ಮಣ್ಣಿನ ಮೇಲೆ ಬಾಲ್ ಪುಟಿಯುವುದಿಲ್ಲ, ಮಳೆ ಬಿದ್ದರಂತೂ ಕಾಲೇ ಹುಗಿಯುತ್ತದೆ. ಅದಕ್ಕೆ ನಾವು ಗರಸು ಹಾಕಿಸಿ ರೋಲರ್ ಹೊಡೆಸಿದೆವು. ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಕಂಬಕ್ಕೆ ರಿಂಗ್ ಕೂಡಿಸಿದರು. ಗೆರೆಗಳಿಗೆ ಸುಣ್ಣ ಸಾಕಾಯಿತು. ಎಂಟು ಮಕ್ಕಳ ನಾಕೌಟ್ ಆದರೆ ಏಳೇ ಪಂದ್ಯ, ಒಂದು ಸಂಜೆಗೆ ಮುಗಿಯುತ್ತದೆ. ನಾನು ಮಾತ್ರ ನಾಲ್ವರ ಗುಂಪು ಮಾಡಿ ಲೀಗ್ ಆಡಿಸುತ್ತೇನೆ, ಸೋತ ಮಗುವಿಗೂ ಮೂರು ಪಂದ್ಯ ಸಿಗಲಿ ಎಂದು. ಜೋಡಿ ಹಚ್ಚುವಾಗ ವಯಸ್ಸಿನ ಜೊತೆ ಎತ್ತರವನ್ನೂ ನೋಡುತ್ತೇನೆ. ತಂಡದ ಆಟದಲ್ಲಿ ಪಾಸ್ ಸಿಗದೆ ಮೂಲೆಯಲ್ಲಿ ನಿಂತಿರುತ್ತಿದ್ದ ಹುಡುಗಿಯರು ಇಲ್ಲಿ ನಿಲ್ಲುವಂತೆಯೇ ಇಲ್ಲ. ಬಾಲ್ ಅವರ ಕೈಗೆ ಬಂದೇ ಬರುತ್ತದೆ, ನಿರ್ಧಾರ ಅವರೇ ಮಾಡಬೇಕು.

ಪಾಸ್ ಮಾಡುವುದನ್ನು ಈ ಆಟ ಕಲಿಸುವುದಿಲ್ಲ, ನಿಜ. ಅದಕ್ಕೆ ಮುಂದಿನ ಮೆಟ್ಟಿಲಿದೆ. ಅರ್ಧ ಅಂಕಣದಲ್ಲಿ ಕಡೆಗೆ ಮೂವರಂತೆ 10 ನಿಮಿಷ ಅಥವಾ 21 ಅಂಕದ ತನಕ ಆಡುವ 3x3 ಬಾಸ್ಕೆಟ್‌ಬಾಲ್, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಸೇರಿತು. ಅದಕ್ಕೂ ಒಂದೇ ರಿಂಗ್ ಸಾಕು. ಐವರ ಆಟ ಆಮೇಲಿನದು. 2017ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಭಾರತದ ವನಿತೆಯರು ಏಷ್ಯಾ ಕಪ್ 'ಬಿ' ಡಿವಿಜನ್ ಫೈನಲ್‌ನಲ್ಲಿ ಕಜಕಸ್ತಾನವನ್ನು 75-73ರಿಂದ ಗೆದ್ದು ಮೇಲಿನ ದರ್ಜೆಗೇರಿದರು. ಕರ್ನಾಟಕದ ಪಿ.ಯು. ನವನೀತಾ, ಎಚ್.ಎಂ. ಬಾಂಧವ್ಯ ಭಾರತ ತಂಡದಲ್ಲಿ ಆಡಿದವರು. ಆ ಕ್ರೀಡಾಂಗಣ ನಮ್ಮಿಂದ 400 ಕಿಲೋಮೀಟರಿಗೂ ದೂರ. ಅಲ್ಲಿಗೆ ಹೋಗುವ ಮಗು ಮೊದಲು ತನ್ನೂರಲ್ಲಿ ಬಾಲ್ ಹಿಡಿಯಬೇಕಲ್ಲ?

ಗ್ರಾಮ ಪಂಚಾಯಿತಿಯವರಲ್ಲಿ, ಜಾತ್ರಾ ಕಮಿಟಿಯವರಲ್ಲಿ ನನ್ನದೊಂದು ಬೇಡಿಕೆ. ಕುಸ್ತಿಗೆ ಬಹುಮಾನ ಇಡುವ ನೀವು ಶಾಲೆಯ ಮೈದಾನಕ್ಕೆ ಒಂದು ಕಂಬ, ಒಂದು ರಿಂಗ್ ಹಾಕಿಸಿಕೊಡಿ. ಜಾತ್ರೆಯ ಮರುದಿನ ಅಲ್ಲೇ ಒಂದು ಟೂರ್ನಿ ಇಡಿ. ಜೋಡಿ ಹಚ್ಚುವ ಕೆಲಸ ನನಗೆ ಬಿಡಿ.